ಕನ್ನ ಕೊರೆಯುವ ಕೆಲಸಗಾರ

ಮಾವನ ಕೈ ನಡುಗುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇರುವುದನ್ನೂ ಎಲ್ಲರೂ ಕಲಿತಿದ್ದರು. ಕಪ್ಪೆಚಿಪ್ಪಿನ ಸರ ಮಾಡಿ ಮಾರುವ ಮನೆ ಅದು. ಸ್ಟೂಲಿನ ಮೇಲೆ ಕೂತು ತೂತು ಕೊರೆಯುವುದು ಮಾವ, ಪೋಣಿಸುವುದು ಸೊಸೆ. ಈಗೀಗ ಅವರು ಬೈರಿಗೆ ಇಟ್ಟರೆ ಸಾಕು, ಚಿಪ್ಪು ಎರಡು ಹೋಳು. ಸೊಸೆಯ ಗಂಡ ತೂತು ಕೊರೆಯುವ ಮೆಷಿನ್ನಿನ ಮಾತೆತ್ತಿದ.

"ತಂದುಬಿಡು. ನನ್ನ ಸ್ಟೂಲನ್ನ ಅಟ್ಟಕ್ಕೆ ಹಾಕು" ಎಂದ ಮಾವ ಅವತ್ತು ಊಟಕ್ಕೇ ಏಳಲಿಲ್ಲ.

ಆ ಸ್ಟೂಲಿನಿಂದ ಇಳಿದ ದಿನ ಮುದುಕರು ಹಾಸಿಗೆ ಹಿಡಿಯುತ್ತಾರೆಂದು ಸೊಸೆಗೆ ನಿಜವಾಗಿಯೂ ಹೆದರಿಕೆಯಾಯಿತು.

ದಾರಿ ತೋರಿಸಿದ್ದು ಸಮುದ್ರದ ಒಂದು ಬಸವನಹುಳು. ನಿಂಬೆಹಣ್ಣಿನಷ್ಟು ಗಾತ್ರ, ಎಣ್ಣೆ ಸವರಿದಂಥ ಗುಂಡನೆಯ ಚಿಪ್ಪು, ನೋಡಲು ಬಲು ಸಂಭಾವಿತ. ಮಾಡುವುದು ಮಾತ್ರ ಮನೆಮುರುಕ ಕೆಲಸ. ಮರಳೊಳಗೆ ಕಪ್ಪೆಚಿಪ್ಪನ್ನು ತಬ್ಬಿಕೊಂಡು, ನಾಲಿಗೆಯಿಂದಲೇ ಉಜ್ಜಿ ಉಜ್ಜಿ ದುಂಡಗೆ ಕನ್ನ ಕೊರೆದು, ಒಳಗಿನ ಯಜಮಾನನನ್ನು ತಿಂದು ಹೋಗುತ್ತದೆ. ಹಾಗೆ ತೂತು ಬಿದ್ದ ಚಿಪ್ಪುಗಳನ್ನು ಸೊಸೆ ದಡದಲ್ಲಿ ಆರಿಸಿ ತಂದು, ಮಾವ ಮುಖ ತೊಳೆಯಲು ಎದ್ದಾಗ ಅವರ ಬುಟ್ಟಿಗೆ ಸುರಿದು, ಒಡೆದ ಹೋಳುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗತೊಡಗಿದಳು. ಮಾವ ಬುಟ್ಟಿ ನೋಡಿ ಮೀಸೆ ತಿರುವುತ್ತಿದ್ದರು.

ಒಂದು ಸಂಜೆ ಅವರು ಅವಳನ್ನು ಕರೆದರು.

"ಇವತ್ತಿನ ಕೆಲಸ ಹೇಗಿದೆಯಮ್ಮ?"

"ಚೆನ್ನಾಗಿದೆ ಮಾವ. ನಿಮ್ಮ ಕೈ ಅಂದ್ರೆ ಕೇಳಬೇಕಾ."

ಮಾವ ಜೇಬಿನಿಂದ ಬೈರಿಗೆಯ ಮೊನೆ ತೆಗೆದು ಅವಳ ಅಂಗೈಗೆ ಇಟ್ಟರು. "ಬೆಳಗ್ಗೆಯಿಂದ ಇದು ನನ್ನ ಜೇಬಲ್ಲೇ ಇತ್ತು."

ಸೊಸೆ ತಲೆ ತಗ್ಗಿಸಿ ಇದ್ದದ್ದೆಲ್ಲ ಹೇಳಿದಳು. ಮಾವ ಒಂದು ಚಿಪ್ಪನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕಳ್ಳನಾದರೂ ಕೆಲಸ ಬಲ್ಲವನು. ಅವನನ್ನ ಕರ್ಕೊಂಡು ಬಾ."

ಮರುದಿನ ಹುಳು ಮನೆಗೆ ಬಂತು. ಗಾಜಿನ ಜಾಡಿಯಲ್ಲಿ ಉಪ್ಪುನೀರು, ಮರಳು, ಜೊತೆಗೆ ಒಂದು ಜೀವಂತ ಕಪ್ಪೆಚಿಪ್ಪು. ಮಾವ ಜಾಡಿಯನ್ನು ತಮ್ಮ ಸ್ಟೂಲಿನ ಮೇಲೆ ತಾವೇ ಇಟ್ಟು, ಎದುರಿಗೆ ಕುರ್ಚಿ ಹಾಕಿ ಕೂತರು. ಸೊಸೆಗೆ ಕಣ್ಣು ತುಂಬಿತು. ಮುದುಕರು ಸ್ಟೂಲು ಬಿಟ್ಟೇಬಿಟ್ಟರಲ್ಲ.

ಹುಳು ಚಿಪ್ಪನ್ನು ತಬ್ಬಿತು. ಬೆಳಗಾಯಿತು, ಸಂಜೆಯಾಯಿತು, ಮತ್ತೆ ಬೆಳಗಾಯಿತು. ತೂತು ಇನ್ನೂ ಅರ್ಧ.

ಅಡುಗೆಮನೆಗೆ ಮಾವನ ಗದರಿಕೆ ಕೇಳಿಸಿತು. "ಏನಯ್ಯಾ, ಇಷ್ಟು ಹೊತ್ತಿಗೆ ನಾನು ಒಂದು ಬುಟ್ಟಿ ಒಡೆದು ಹಾಕ್ತಿದ್ದೆ."

ಸೊಸೆ ಓಡಿ ಬಂದಳು. ಮಾವನ ಮುಖ ಅರಳಿತ್ತು.

"ಮೆಷಿನ್ ತರೋಕೆ ಹೇಳಮ್ಮ ನಿನ್ನ ಗಂಡನಿಗೆ. ನನಗಿಲ್ಲಿ ಪುರುಸೊತ್ತಿಲ್ಲ. ನನಗಿಂತ ನಿಧಾನದವನು ಒಬ್ಬ ಸಿಕ್ಕಿದ್ದಾನೆ, ಇವನಿಗೆ ಕೆಲಸ ಕಲಿಸಬೇಕು."