ಮೇಲಿನ ಪಾವಟಿಗೆ

"ಏನಪಾ ಮೆಂಬರ, ಗಂಗವ್ವನ್ನ ಜೇಲಿಗೆ ಹಾಕ್ತೀಯಂತ?"

ಬೆಲ್ಲ ಒಯ್ಯಲು ಬಂದ ಫಕೀರಮ್ಮ ಬೆಲ್ಲದ ಮಾತು ಬಿಟ್ಟು ಮೊದಲು ಇದನ್ನೇ ಕೇಳಿದಳು. ಅಂಗಡಿ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದವರು ನಕ್ಕರು. ತಕ್ಕಡಿ ಮುಂದೆ ಕೂತಿದ್ದ ಮೆಂಬರ ಕೊಟ್ರಬಸಪ್ಪನೂ ನಗಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಎಡಗಾಲಿನ ಹಿಮ್ಮಡದ ಮೇಲೆ ಯಾರೋ ಕೆಂಡ ಇಟ್ಟಂತಾಗಿ, ನಗು ಹಲ್ಲು ಕಚ್ಚುವುದರಲ್ಲಿ ಮುಗಿಯಿತು.

"ಜೇಲಲ್ಲ ಆಯಿ, ಬಾವಿಗಿ ಗ್ವಾಡಿ. ಎದಿಮಟ ಗ್ವಾಡಿ. ಮ್ಯಾಲ ಗಾಲಿ ಹಾಕಸ್ತೀವಿ. ನಿಂತಲ್ಲೇ ನಿಂತು ಹಗ್ಗ ಜಗ್ಗೂದು, ನೀರು ತಾನ ಬರತೈತಿ. ನಿನ್ನಂಥಾ ಮುದಿಕ್ಯಾರು ಇಳಿದು ಹತ್ತಿ ಮೊಣಕಾಲು ಹಿಡಕೊಂಡು ಅಳೂದು ತಪ್ಪತೈತಿ."

"ನನ್ನ ಮೊಣಕಾಲಿನ ಚಿಂತಿ ನಿನಗ್ಯಾಕೋ ತಮ್ಮಾ? ನಿನ್ನ ಹಡದಾಗ ನಿಮ್ಮವ್ವ ಅದ ಪಾವಟಿಗಿ ಇಳಿದು, ನೀರಾಗ ಕಾಲಿಟ್ಟು ಗಂಗಿ ಪೂಜಿ ಮಾಡ್ಯಾಳ. ಕೈ ಹಿಡದು ಇಳಿಸಿದಾಕಿ ನಾನ. ನಾಳಿ ನನ್ನ ಮೊಮ್ಮಗಳು ಹಡದ್ರ ಏನು, ನಿನ್ನ ಗಾಲಿಗಿ ಕುಂಕುಮ ಹಚ್ಚಲೇನು?"

ಕಟ್ಟೆಯ ಮೇಲೆ ಮತ್ತೆ ನಗು ಎದ್ದಿತು. ಕೊಟ್ರಬಸಪ್ಪ ತಕ್ಕಡಿ ಎತ್ತಿದ, ಇಳಿಸಿದ, ಎದ್ದು ನಿಂತ, ಮತ್ತೆ ಕೂತ. ಈಚೆಗೆ ಅವನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಬೆಲ್ಲ ಒಂದಿಷ್ಟು ಹೆಚ್ಚೇ ಹೋಯಿತು. ಫಕೀರಮ್ಮ ಅದನ್ನು ನೋಡಿಯೂ ಸೆರಗಿಗೆ ಕಟ್ಟಿಕೊಂಡು, "ನಿನಗ ಮೈಯಾಗ ಛಲೋ ಇಲ್ಲೇನೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದಳು.

ಕೊಟ್ರಬಸಪ್ಪ ಕುಷ್ಟಗಿಯ ಊರ ಕಮಿಟಿಗೆ ಮೆಂಬರನಾಗಿ ಇದು ಎರಡನೇ ವರ್ಷ. ಆರಿಸಿ ಬಂದವನೇನಲ್ಲ. ಆಗೆಲ್ಲಿ ಆರಿಸುವುದಿತ್ತು? ತಹಶೀಲ್ದಾರರು ಓಣಿಗೊಬ್ಬರಂತೆ ಹೆಸರು ಕೇಳಿದರು, ಹಿಂದಿನ ಓಣಿಯವರು ಇವನ ಹೆಸರು ಹೇಳಿದರು, ಅಷ್ಟೆ. ಉಳಿದ ಮೆಂಬರರು ತಿಂಗಳಿಗೊಮ್ಮೆ ರುಮಾಲು ಸುತ್ತಿಕೊಂಡು ಹೋಗಿ, ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಓದಲು ಬಾರದ ಉರ್ದು ಕಾಗದಕ್ಕೆ ಸಹಿ ಹಾಕಿ ಬರುತ್ತಿದ್ದರು. ಇವನಿಗೆ ಆ ಕುರ್ಚಿಯೇ ಮುಳ್ಳಾಗಿತ್ತು. ಸಾಲಿಗೆ ಹೋದದ್ದು ಕಡಿಮೆ, ಮೆಂಬರನಾದ ಮೇಲೆ ಕಚೇರಿಯ ಜವಾನನ ಹತ್ತಿರ ಕೂತು ಅಲಿಫ್ ಬೇ ಕಲಿತ. ಓಣಿಯ ಗಟಾರಕ್ಕೆ ಕಲ್ಲು ಹಾಸಿಸಿದ. ಗಾಣದ ಮೂಲೆಯಲ್ಲಿ ಕಂದೀಲಿನ ಕಂಬ ನೆಡಿಸಿದ. ಯುದ್ಧದಿಂದಾಗಿ ಸೀಮೆಎಣ್ಣೆ ಸಿಗದೆ ಅದು ಉರಿಯುತ್ತಿರಲಿಲ್ಲ ಎಂಬುದು ಬೇರೆ ಮಾತು. ಮಂದಿ ಅದಕ್ಕೆ ಎಮ್ಮೆ ಕಟ್ಟುತ್ತಿದ್ದರು. "ಮೆಂಬರ್ರು ಛಲೋ ಗೂಟ ಹಾಕಿಸ್ಯಾರ" ಎಂದು ಅವನ ಎದುರಿಗೇ ಅನ್ನುತ್ತಿದ್ದರು.

ಅವನ ತಲೆಯಲ್ಲಿ ಇದ್ದದ್ದು ಬಾವಿ. ಹಿಂದಿನ ಓಣಿಗೆಲ್ಲ ಅದೊಂದೇ. ಕಲ್ಲಿನ ಪಾವಟಿಗೆ ಇಳಿದು ಹೋಗಿ, ಮೊಣಕಾಲುಮಟ ನೀರಲ್ಲಿ ನಿಂತು ಕೊಡ ಮುಳುಗಿಸಬೇಕು. ಬೇಸಗೆ ಬಂತೆಂದರೆ ಓಣಿಯಲ್ಲಿ ಮನೆಗೊಬ್ಬರು ನಾರುಹುಣ್ಣು ಎದ್ದು ಮಲಗುತ್ತಿದ್ದರು. ಕಾಲಲ್ಲಿ ಬೊಬ್ಬೆ, ಬೊಬ್ಬೆ ಒಡೆದರೆ ಒಳಗಿಂದ ಬಿಳಿ ದಾರದಂಥ ಹುಳ. ಸರಿಯಾಗಿ ಮಳೆಗಾಲದ ಮೊದಲ ಹದಕ್ಕೆ ಗಂಡಸರು ಕುಂಟುತ್ತಿದ್ದರು, ಬಿತ್ತನೆ ಹಿಂದೆ ಬೀಳುತ್ತಿತ್ತು. ಎಲ್ಲರೂ ಇದನ್ನು ಗಂಗವ್ವನ ಸಿಟ್ಟು ಅನ್ನುತ್ತಿದ್ದರು. ಬಾವಿಯಲ್ಲಿ ಉಗುಳಿದವರಿಗೆ, ಮುಟ್ಟಾಗಿ ಇಳಿದವರಿಗೆ, ಗಂಗಿ ಪೂಜೆ ತಪ್ಪಿಸಿದವರಿಗೆ ಆಕೆ ದಾರ ಕಟ್ಟುತ್ತಾಳೆ ಎಂದು.

ದವಾಖಾನೆಯ ಡಾಕ್ಟರರು ಅವನಿಗೆ ಬೇರೆ ಹೇಳಿದರು. ಗಾಜಿನ ಲೋಟದಲ್ಲಿ ಅದೇ ಬಾವಿಯ ನೀರು ಹಿಡಿದು ಬಿಸಿಲಿಗೆ ಒಡ್ಡಿ, ಒಳಗೆ ಕುಪ್ಪಳಿಸುವ ಚುಕ್ಕೆಗಳನ್ನು ತೋರಿಸಿದರು. ಹುಣ್ಣಿನವನು ಉರಿ ತಾಳದೆ ನೀರಲ್ಲಿ ಕಾಲಿಡುತ್ತಾನೆ, ನೀರು ತಾಕಿದ ಕೂಡಲೇ ಹುಳ ಮರಿ ಬಿಡುತ್ತದೆ, ಮರಿಯನ್ನು ಈ ಚುಕ್ಕೆ ನುಂಗುತ್ತದೆ, ಚುಕ್ಕೆಯನ್ನು ನೀವು ಕುಡಿಯುತ್ತೀರಿ, ಬರುವ ವರ್ಷ ಅದೇ ಬೇಸಗೆಗೆ ನಿಮ್ಮ ಕಾಲಲ್ಲಿ ಏಳುತ್ತದೆ. "ಕಾಲು ನೀರಿಗೆ ಮುಟ್ಟದಂತೆ ಮಾಡಿರಿ, ಸಾಕು" ಎಂದರು. ಆ ಒಂದು ಮಾತಿಗಾಗಿ ಕೊಟ್ರಬಸಪ್ಪ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದ. ಕಡೆಗೆ ಮಂಜೂರಿ ಬಂತು. ಸಿಮೆಂಟು ಇಲ್ಲ, ಸುಣ್ಣದ ಗಚ್ಚಿನಲ್ಲೇ ಕಟ್ಟಿಕೊಳ್ಳಿ ಎಂದರು. ಗೋಡೆ ಕಟ್ಟುವ ಗವಂಡಿ ಶಬ್ಬೀರಸಾಬ ಸೋಮವಾರ ಬರುತ್ತೇನೆಂದ, ಅದು ತಪ್ಪಿದರೆ ಹನುಮಸಾಗರದ ಕೆಲಸಕ್ಕೆ ಹೋಗಿಬಿಡುತ್ತೇನೆ, ಮಳೆಗಾಲ ಮುಗಿಯುವವರೆಗೂ ಈ ಕಡೆ ಬರುವುದಿಲ್ಲ ಎಂದೂ ಹೇಳಿದ.

ಮಂಜೂರಿ ಬಂದ ವಾರವೇ ಕೊಟ್ರಬಸಪ್ಪನ ಕಾಲಲ್ಲಿ ಬೊಬ್ಬೆ ಎದ್ದಿತು.

"ಮಂದಿ ನೋಡಿದ್ರ ಏನಂತಾರ ಗೊತ್ತೈತಲ್ರಿ?" ಎಂದು ಪಾರ್ವತೆಮ್ಮ ದಿನಾ ಕೇಳುತ್ತಿದ್ದಳು. ಬೆಳಿಗ್ಗೆ ಬಾಗಿಲು ಮುಚ್ಚಿ ಗಂಡನ ಕಾಲು ತೊಡೆಯ ಮೇಲಿಟ್ಟುಕೊಂಡು, ಹೊರಬಂದ ಹುಳವನ್ನು ಕಸಬರಿಗೆಯ ಕಡ್ಡಿಗೆ ಸುತ್ತುವುದು ಅವಳ ಕೆಲಸ. ದಿನಕ್ಕೆ ಒಂದೆರಡು ಸುತ್ತು. ಜಗ್ಗಿದರೆ ಒಳಗೇ ಹರಿದು ಕಾಲು ಬಾವು ಬರುತ್ತದೆ. ಸುತ್ತಿದ ಕಡ್ಡಿಯನ್ನು ಚರ್ಮಕ್ಕೆ ಒತ್ತಿ ಬಟ್ಟೆ ಕಟ್ಟಿದರೆ ಮರುದಿನದ ತನಕ ಉರಿ.

"ಗೊತ್ತೈತಿ. ಗ್ವಾಡಿ ಕಟ್ಟಾಕ ಹೊಂಟಾವಂಗ ಗಂಗವ್ವ ಮೊದಲ ದಾರ ಕಟ್ಟಿದ್ಲು ಅಂತಾರ. ಅಂದ್ರ ಮುಗೀತು. ನಾಳಿ ಒಬ್ಬಾವನೂ ಒಂದು ಕಲ್ಲು ಎತ್ತಂಗಿಲ್ಲ."

"ಹಂಗಾದ್ರ ಧೋತರ ಕೆಳಗ ಬಿಡ್ರಿ. ಕುಂಟಬ್ಯಾಡ್ರಿ."

"ಕುಂಟಬ್ಯಾಡಂದ್ರ ಹೆಂಗಲೇ? ಬೆಂಕಿ ತುಳದಂಗ ಆಗತೈತಿ."

"ಒಂದೀಟು ನೀರಾಗ..." ಎಂದು ಶುರು ಮಾಡಿದ ಪಾರ್ವತೆಮ್ಮ ಅವನ ಮುಖ ನೋಡಿ ಬಟ್ಟೆಯ ಗಂಟು ಬಿಗಿದಳು.

ಭಾನುವಾರ ಮಧ್ಯಾಹ್ನ ಅಂಗಡಿಯಲ್ಲಿ ಕೂರಲಾಗದೆ ಎದ್ದು ಬಾವಿಯ ಕಡೆ ಹೋದ. ನಾಳೆಯ ಕೆಲಸದ ಕಲ್ಲು ಬಂದಿವೆಯೋ ನೋಡಲು ಎಂದು ತನಗೆ ತಾನೇ ಹೇಳಿಕೊಂಡ. ಕಲ್ಲು ಬಂದಿದ್ದವು, ಸುಣ್ಣ ಗುಂಡಿಯಲ್ಲಿ ಅರಳುತ್ತಿತ್ತು. ಆದರೂ ಅವನ ಕಾಲು ನಿಲ್ಲಲಿಲ್ಲ. ಪಾವಟಿಗೆ ಇಳಿದ. ಕೆಳಗೆ ನೆರಳು, ಕಲ್ಲಿನ ತಂಪು. ಫಕೀರಮ್ಮನ ಮಗ ಯಮನೂರಪ್ಪ ಅಲ್ಲೇ ಕೂತಿದ್ದ. ಹುಣ್ಣಿನ ಕಾಲನ್ನು ಮೊಣಕಾಲುಮಟ ನೀರಲ್ಲಿ ಬಿಟ್ಟು, ಕಣ್ಣು ಮುಚ್ಚಿ, ಬೀಡಿ ಎಳೆಯುತ್ತಿದ್ದ. ಅವನ ಆ ಕಡೆ ನಿಂತು ಯಾರೋ ಹೆಣ್ಣುಮಗಳು ಕೊಡ ಮುಳುಗಿಸಿ, ಹೊತ್ತು, ಮೇಲೆ ಹತ್ತಿ ಹೋದಳು.

"ಬರ್ರೀ ಮೆಂಬರ್ರ," ಎಂದ ಯಮನೂರಪ್ಪ ಕಣ್ಣು ತೆರೆಯದೆ. "ನಾಳಿಂದ ನೀವು ಈ ಸುಖ ಬಂದ್ ಮಾಡ್ತೀರಂತ. ಇವತ್ತೊಂದಿನ ಇಟ್ಟೀನಿ, ಬೈಬ್ಯಾಡ್ರಿ."

"ಯಮನೂರಾ, ಕಾಲ ತಗಿ. ಅದ ನೀರು ನಿಮ್ಮವ್ವ ಕುಡಿತಾಳ."

"ಉರಿ ನಿಮಗೇನು ಗೊತ್ತರಿ? ಅಂಗಡ್ಯಾಗ ಕುಂತು ಹೇಳೂದು ಸಸಾರ ಐತಿ. ನೀರಾಗಿಟ್ರ ಹೆಂಗಂತೀರಿ... ಅವ್ವನ ತೊಡಿಮ್ಯಾಲ ಮಲಗಿದಂಗ."

ಕೊಟ್ರಬಸಪ್ಪ ಅವನ ಹಿಂದೆ ಒಂದು ಪಾವಟಿಗೆ ಮೇಲೆ ನಿಂತಿದ್ದ. ನೀರು ಒಂದು ಗೇಣು ಕೆಳಗೆ, ಹಸಿರಾಗಿ, ಅಲುಗದೆ ನಿಂತಿತ್ತು. ಯಾರಿಗೂ ತಿಳಿಯುವುದಿಲ್ಲ. ಕಾಲು ಜಾರಿತು ಎಂದರೂ ಆದೀತು. ಅವನು ಎಷ್ಟು ಹೊತ್ತು ಹಾಗೇ ನಿಂತನೋ, ಯಮನೂರಪ್ಪನ ಬೀಡಿ ನೀರಿಗೆ ಬಿದ್ದು ಚುರ್ ಎಂದಾಗ ಬೆಚ್ಚಿ, ತಿರುಗಿ, ಗೋಡೆ ಹಿಡಿದುಕೊಂಡು ಮೇಲೆ ಹತ್ತಿದ. ರಾತ್ರಿ ಊಟ ಸೇರಲಿಲ್ಲ.

ಸೋಮವಾರ ಹೊತ್ತು ಏರುವಷ್ಟರಲ್ಲಿ ಶಬ್ಬೀರಸಾಬ ಗಚ್ಚು ಕಲಸಿ ಬುಟ್ಟಿ ತುಂಬಿ ಗೋಡೆಯ ಅಳತೆಗೆ ದಾರ ಕಟ್ಟಲು ನೋಡಿದರೆ, ಮೇಲಿನ ಪಾವಟಿಗೆಯಿಂದ ನೀರಿನವರೆಗೆ ಹೆಂಗಸರು ಕೂತುಬಿಟ್ಟಿದ್ದರು. ಮಡಿಲಲ್ಲಿ ಖಾಲಿ ಕೊಡ. ಎಲ್ಲರ ಮುಂದೆ ಫಕೀರಮ್ಮ.

"ಮೆಂಬರ್ ಸಾಬ್, ಇವರ ಮ್ಯಾಲೆ ಕಟ್ಲೇನ್ರೀ ಗ್ವಾಡಿ?" ಎಂದ ಶಬ್ಬೀರಸಾಬ. "ಗಚ್ಚು ಒಣಗತೈತಿ. ನಾ ಹನುಮಸಾಗರದ ಗಾಡಿ ಹಿಡೀತೀನಿ ನೋಡ್ರಿ."

"ಆಯಿ, ಏಳು. ಸರಕಾರದ ಕೆಲಸ ಐತಿ."

"ಸರಕಾರಕ್ಕೂ ನೀರು ಬೇಕು ತಮ್ಮಾ," ಎಂದಳು ಫಕೀರಮ್ಮ. "ನಾವೇನು ಒಲ್ಲೆ ಅನ್ನಂಗಿಲ್ಲ. ನಿನ್ನ ಡಾಕ್ಟರನ ಮಾತು ಖರೇನೂ ಇರಬಹುದು. ಆದ್ರ ಮನಿ ಮುಚ್ಚೂಮುಂದ ಮನಿಯಾಕಿನ್ನ ಒಂದು ಮಾತು ಕೇಳಬೇಕೋ ಬ್ಯಾಡೋ? ಬಾ, ಇಳಿ. ಗಂಗವ್ವನ ನೀರಾಗ ಎರಡೂ ಕಾಲಿಟ್ಟು, ಅರಿಷಿಣ ಕುಂಕುಮ ಬಿಟ್ಟು, ಅಪ್ಪಣಿ ಕೊಡವ್ವಾ ಅನ್ನು. ನಾವ ಎದ್ದು ನಿನಗ ಕಲ್ಲು ಕೊಡ್ತೀವಿ."

"ಇಷ್ಟ ಅಲ್ಲೇನ್ರೀ, ಇಳೀರಿ ಮತ್ತ!" ಎಂದ ಶಬ್ಬೀರಸಾಬ ಖುಷಿಯಾಗಿ.

ಹೆಂಗಸರು ಸರಿದು ನಡುವೆ ದಾರಿ ಬಿಟ್ಟರು. ಆ ದಾರಿಯ ಕೊನೆಗೆ ನೀರು. ನಿನ್ನೆ ಕೊಟ್ರಬಸಪ್ಪ ಬಿಟ್ಟು ಓಡಿಬಂದ ನೀರನ್ನು ಇಂದು ಊರೇ ಕರೆದು ಕೊಡುತ್ತಿದೆ. ಒಂದು ಹೆಜ್ಜೆ ಇಟ್ಟ. ಗುಂಪಿನ ಹಿಂದೆ ನಿಂತಿದ್ದ ಪಾರ್ವತೆಮ್ಮ ಸೆರಗು ಬಾಯಿಗೆ ಒತ್ತಿಕೊಂಡದ್ದು ಕಂಡಿತು. ಅವನು ಅಲ್ಲೇ ತಿರುಗಿ, ಹೊರಗೆ ರಾಶಿ ಹಾಕಿದ್ದ ಕಲ್ಲಿನ ಮೇಲೆ ಕುಸಿದು ಕೂತ. ಧೋತರ ಮೇಲೆತ್ತಿ, ಬಟ್ಟೆಯ ಗಂಟು ಬಿಚ್ಚತೊಡಗಿದ. ಗಂಟು ಬಿಚ್ಚಲು ಬರಲಿಲ್ಲ. ಉಗುರು ಹಾಕಿ ಎಳೆದು ಬಿಚ್ಚಿದ.

ಕಡ್ಡಿಗೆ ಸುತ್ತಿದ ಬಿಳಿ ದಾರ ಎಲ್ಲರಿಗೂ ಕಂಡಿತು.

"ಯವ್ವಾ! ಗಂಗವ್ವ ತೋರಿಸೇ ಬಿಟ್ಟಾಳ!" ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ಕೆಲವರು ಎದ್ದು ಕೈ ಮುಗಿದರು. "ಗ್ವಾಡಿ ಅಂದಾವನ ಕಾಲಿಗೇ ಕಟ್ಟ್ಯಾಳ ನೋಡ್ರಿ!"

"ಹೌದು, ನನ್ನ ಕಾಲಿಗೇ," ಎಂದ ಕೊಟ್ರಬಸಪ್ಪ. ಮಾತಾಡಿ ಮಾತಾಡಿ ಅಂಗಡಿ ನಡೆಸಿದ ಮನುಷ್ಯನಿಗೆ ಈಗ ಮಾತು ತಡೆತಡೆದು ಬರುತ್ತಿತ್ತು. "ಗ್ವಾಡಿ ಮಾತು ಎದ್ದದ್ದು ಈ ವರ್ಷ. ಹಿಂದಿನ ವರ್ಷ ಯಾರು ಏನು ಅಂದಿದ್ರಂತ ಯಮನೂರನ ಆ ಇನ್ನೊಂದು ಕಾಲಿಗೆ ಕಟ್ಟಿದ್ಲು? ನಮ್ಮ ಓಣಿ ಸಣ್ಣ ಹುಡುಗಿ ಹುಲಗಮ್ಮನ ಕಾಲಿಗೆ? ಅದು ಇರ್ಲಿ. ನಂಗ ವಾದ ಬ್ಯಾಡ. ಉರಿ ಹತ್ತೈತಿ ಆಯಿ, ನಿದ್ದಿ ಇಲ್ಲ, ಮೈಯೆಲ್ಲಾ ಇಳಿ ಇಳಿ ಅಂತೈತಿ. ನಿನ್ನಿ ಬಂದು ನಿಂತಿದ್ದೆ ಅಲ್ಲಿ, ಯಮನೂರನ ಹಿಂದ. ನೀವ ಇಳಿ ಅಂದ್ರಿ, ಇಳೀತೀನಿ. ನನಗ ತಣ್ಣಗಾಗತೈತಿ. ಬರೂ ವರ್ಷ ನಿಮ್ಮ ಮನ್ಯಾಗ ಯಾರ ಕಾಲೋ ಅದು ನೀವ ನೋಡ್ಕೋರಿ. ಹೇಳು, ಇಳೀಲೇನು?"

ಯಮನೂರಪ್ಪ ಬೇವಿನ ಗಿಡಕ್ಕೆ ಒರಗಿ ನಿಂತವನು ತನ್ನ ಕಾಲು ನೋಡಿಕೊಂಡ. ಫಕೀರಮ್ಮ ಮಗನನ್ನು ನೋಡಿದಳು, ಕೊಟ್ರಬಸಪ್ಪನ ಕಾಲು ನೋಡಿದಳು. ಆಮೇಲೆ ಎದ್ದು ಕೊಡ ತೆಗೆದುಕೊಂಡು ಪಾವಟಿಗೆ ಇಳಿದು ನೀರು ತುಂಬಿದಳು. ಒಂದೊಂದಕ್ಕೂ ಕೈ ಊರಿ ಹತ್ತಿ ಬರುವ ತನಕ ಎಲ್ಲರೂ ಕಾದರು. ನಡುವೆ ಒಬ್ಬಳು ಕೊಡ ಹಿಡಿಯಲು ಹೋದರೆ ಆಕೆ ಕೊಡಲಿಲ್ಲ.

ಕಲ್ಲಿನ ರಾಶಿಯ ಹತ್ತಿರ ಬಂದು ಕೊಡ ಬಗ್ಗಿಸಿದಳು. ನೀರು ಸಣ್ಣಗೆ ಅವನ ಕಾಲಿನ ಮೇಲೆ ಬಿತ್ತು. ಕೊಟ್ರಬಸಪ್ಪ ಕಣ್ಣು ಮುಚ್ಚಿದ. ಬಾಯಿಂದ ಬಂದ ಸದ್ದು ಮಗುವಿನದರಂತಿತ್ತು.

"ತಣ್ಣಗಾತೇನೋ?"

"ಇನ್ನೊಂದೀಟು ಹಾಕು ಆಯಿ."

ಹಾಕಿದಳು. ಹುಣ್ಣು ತೊಳೆದ ನೀರು ಕಲ್ಲುಗಳ ಸಂದಿನಿಂದ ಇಳಿದು ನೆಲಕ್ಕೆ ಬಂತು. ಅಜ್ಜಿಯರ ಕಾಲದಿಂದ ಕೊಡ ಹೊತ್ತವರ ಕಾಲು ಸವೆಸಿದ ಆ ನೆಲ ಬಾವಿಯ ಕಡೆಗೇ ಇಳಿಜಾರಾಗಿತ್ತು. ನೀರು ಅಲ್ಲಿ ಒಂದು ಗಳಿಗೆ ನಿಂತು, ದಾರಿ ಹುಡುಕಿಕೊಂಡು, ಬೆರಳಗಲದ ಧಾರೆಯಾಗಿ ಮೇಲಿನ ಪಾವಟಿಗೆಯತ್ತ ಹರಿಯತೊಡಗಿತು. ಮೊದಲು ನೋಡಿದ್ದು ಫಕೀರಮ್ಮ. ಕೊಡ ಕೈಬಿಟ್ಟು ಓಡಿದಳು, ಶಬ್ಬೀರಸಾಬನ ಬುಟ್ಟಿಗೆ ಎರಡೂ ಕೈ ಹಾಕಿ ಗಚ್ಚು ಬಾಚಿ, ಪಾವಟಿಗೆಯ ಅಂಚಿಗೆ ಸುರಿದು, ಸಗಣಿ ಕುಳ್ಳು ತಟ್ಟುವ ಹಾಗೆ ಪಟಪಟನೆ ತಟ್ಟಿದಳು. ಸುಣ್ಣ ಕೈ ಸುಡುತ್ತದೆಂದು ಶಬ್ಬೀರಸಾಬ ಕೂಗಿದ್ದು ಆಕೆಗೆ ಕೇಳಿಸಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ತಟ್ಟುತ್ತಾ ಹೋದಳು. ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಆಕೆಯ ಕೈಗೆ ಜಾಗ ಬಿಟ್ಟರು. ನೀರು ಬಂದು ಹಸಿ ಗಚ್ಚಿಗೆ ತಾಕಿ, ಮುಂದೆ ಹೋಗಲಾರದೆ, ಅಲ್ಲೇ ಅಗಲವಾಗುತ್ತ ನಿಂತಿತು.