ಮುಟ್ಟಿದೆ ಎಂಬ ಗುರುತು

ಕುಬರಾಳ ಕೈಯಲ್ಲಿದ್ದ ನಮೂನೆಯಲ್ಲಿ ಪ್ರಶ್ನೆ ಒಂದೇ: ಸಂದೇಶ ಮುಟ್ಟಿದೆಯೆ? ಅದರ ಕೆಳಗೆ ಹೌದು, ಇಲ್ಲ ಎಂಬ ಎರಡು ಚೌಕಗಳು.

ದೇಶದ ಬಹುತೇಕ ಮೊಬೈಲುಗಳನ್ನು ನಡೆಸುತ್ತಿದ್ದುದು ನಿಹಾರಿಕಾ ಕಂಪನಿಯ ತಂತ್ರಾಂಶ. ಬೇರೆಯವರ ಆ್ಯಪುಗಳ ಕತ್ತು ಹಿಸುಕಿದ ಆರೋಪ ಬಂದಾಗ ಕಂಪನಿ ರಾಜಿಗೆ ಒಪ್ಪಿ, ತನ್ನ ಸಂದೇಶಗಳಂತೆಯೇ ಪರರ ಸಂದೇಶಗಳನ್ನೂ ಮುಟ್ಟಿಸುವುದಾಗಿ ಬರೆದುಕೊಟ್ಟಿತ್ತು. ಮಾತು ಉಳಿಸಿಕೊಂಡಿದೆಯೇ ಎಂದು ಪರೀಕ್ಷಿಸಲು ಮೇಲ್ವಿಚಾರಣಾ ಸಮಿತಿ ಜಿಲ್ಲೆಗೊಬ್ಬರನ್ನು ಕಳಿಸಿತ್ತು. ಬೀದರಕ್ಕೆ ಕುಬರಾ.

ಅದು ೨೦೧೬ರ ಬೇಸಿಗೆ, ಬರದ ಎರಡನೆಯ ವರ್ಷ. ಬೀದರ, ಭಾಲ್ಕಿಗಳಲ್ಲಿ ಅವಳು ತಟ್ಟಿದ ಬಾಗಿಲುಗಳಲ್ಲಿ ಅರ್ಧಕ್ಕೆ ಬೀಗವಿತ್ತು. ತೆರೆದ ಮನೆಗಳಲ್ಲಿ ಎಲ್ಲ ನಮೂನೆಗಳೂ 'ಹೌದು' ಎಂದೇ ತುಂಬಿದ್ದವು. ಸಂಜೆ ತನ್ನ ಬಾಡಿಗೆ ಕೋಣೆಗೆ ಮರಳಿದ ಮೇಲೆ ಆ 'ಹೌದು'ಗಳನ್ನು ಎಣಿಸುವುದನ್ನು ಬಿಟ್ಟರೆ ಅವಳಿಗೆ ಬೇರೆ ಮಾತಿರಲಿಲ್ಲ.

ಔರಾದದ ಕೊನೆಯ ಓಣಿಯಲ್ಲಿ ಬಾಗಿಲು ತೆರೆದವಳು ಶೇವಂತಾಬಾಯಿ. ಗಂಡ ಕಾಶೀರಾಮ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿ ಐದು ತಿಂಗಳಾಗಿತ್ತು. ಹೋಗುವಾಗ 'ಓಗೊಡು' ಎಂಬ ಸಣ್ಣ ಆ್ಯಪನ್ನು ಹಾಕಿಕೊಟ್ಟಿದ್ದ. ಅದರಲ್ಲಿ ಅಕ್ಷರ ಬೇಕಿಲ್ಲ, ಧ್ವನಿಯನ್ನೇ ಕಳಿಸಬಹುದು. ಮೂರು ತಿಂಗಳಿಂದ ಅವನ ಧ್ವನಿ ಬಂದಿರಲಿಲ್ಲ. ಪಕ್ಕದ ಮನೆಯ ಕಟ್ಟೆಯಿಂದ ಕೌಸಲ್ಯಾಬಾಯಿ, ಈಕಿ ಫೋನು ಟೈಮು ನೋಡಲಿಕ್ಕಷ್ಟೇ ಅದ ಎಂದು ಚುಚ್ಚಿದಳು. ಶೇವಂತಾ ತನ್ನ ಮೊಬೈಲನ್ನು ಕುಬರಾಳ ಕೈಗಿಟ್ಟಳು.

ಕುಬರಾ ತನ್ನ ಮೊಬೈಲಿನಿಂದ ಅದಕ್ಕೆ ಎರಡು ಪರೀಕ್ಷಾ ಸಂದೇಶ ಕಳಿಸಿದಳು, ಕಂಪನಿಯ ಆ್ಯಪಿನಲ್ಲೊಂದು, 'ಓಗೊಡು' ಆ್ಯಪಿನಲ್ಲೊಂದು. ಕಂಪನಿಯ ಆ್ಯಪಿನಲ್ಲಿ ಕಳಿಸಿದ್ದು ಗಂಟೆ ಬಾರಿಸಿತು. ಶೇವಂತಾಳ ಮೊಬೈಲಿನಲ್ಲಿ 'ಓಗೊಡು' ತೆರೆದು ನೋಡಿದಳು: ಎರಡನೆಯದೂ ಅಲ್ಲಿತ್ತು. 'ಹೌದು' ಚೌಕದ ಮೇಲೆ ಪೆನ್ನಿಟ್ಟಳು.

"ಆಪಾ, ಎರಡನೇದು ಬಡೀಲೇ ಇಲ್ಲಲ್ರಿ?"

ಪೆನ್ನು ನಿಂತಿತು. ಇಷ್ಟು ಮನೆಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲ, ಕುಬರಾಳೂ ಕಿವಿಗೊಟ್ಟಿರಲಿಲ್ಲ. ಆ್ಯಪನ್ನು ನೀವೇ ತೆರೆದು ನೋಡುತ್ತಿರಲಿಲ್ಲವೇ ಎಂದು ವಿಚಾರಿಸಿದಳು.

"ಗಂಟಿ ಬಡದ್ರ ಎತ್ತು, ಇಲ್ಲಂದ್ರ ಮುಟ್ಟಬ್ಯಾಡ, ಕೆಡ್ತದ ಅಂತ ಹೋಗುವಾಗ ನಮ್ಮವ್ರು ಅಂದಿದ್ರು. ನಾ ಮುಟ್ಟಿಲ್ಲರಿ."

ಪರೀಕ್ಷಾ ಸಂದೇಶದ ಕೆಳಗೆ ಕಾಶೀರಾಮನ ಹೆಸರಿತ್ತು. ಅದರ ಪಕ್ಕದಲ್ಲಿ ಕೇಳದೆ ಉಳಿದ ಸಂದೇಶಗಳ ಸಂಖ್ಯೆ: ಇಪ್ಪತ್ತೇಳು.

ಶೇವಂತಾ ಬಾಗಿಲು ಮುಂದೆ ಮಾಡಿ ಒಂದೊಂದನ್ನೇ ಕೇಳಿದಳು. ಮೊದಮೊದಲಿನವುಗಳಲ್ಲಿ ನಗುವಿತ್ತು. ನಡುವಿನವುಗಳಲ್ಲಿ ಅವನು ಉತ್ತರ ಕೇಳಿದ್ದ. ತನ್ನ ನಂಬರಿನಲ್ಲಿ ಕರೆ ಹೋಗುವುದೂ ಬರುವುದೂ ನಿಂತಿದೆ, ನೆಟ್ಟಷ್ಟೇ ಉಳಿದಿದೆ, ಇನ್ನು ಇದರಲ್ಲಷ್ಟೇ ಮಾತು ಎಂದಿದ್ದ. ಕೊನೆಯದು ನಿನ್ನೆಯದು.

"ನಾಳೆ ಗುರುವಾರ ಗಾಡ್ಯಾಗ ನಮ್ಮ ಮಂದಿ ಸಂಗಟ ಹೈದರಾಬಾದಿಗಿ ಹೊಂಟೀನಿ. ಭಾಲ್ಕಿ ಸ್ಟೇಷನಿಗಿ ಬಾ. ನೀ ಕಂಡ್ರ ಇಳೀತೇನಿ. ಕಾಣಲಿಲ್ಲಂದ್ರ, ನಾ ನಿನಗ ಬ್ಯಾಡಾಗೀನಿ ಅಂತ ತಿಳ್ಕೋತೇನಿ."

ಅಂದು ಗುರುವಾರ. ರೈಲು ಮೂರು ಗಂಟೆ ಹತ್ತು ನಿಮಿಷಕ್ಕೆ. ಆಗಲೇ ಒಂದು ಗಂಟೆ ಆಗಿತ್ತು.

ಭಾಲ್ಕಿಯ ಬಸ್ಸಿನಲ್ಲಿ ಕುಬರಾ ಅವಳ ಪಕ್ಕದಲ್ಲೇ ಕುಳಿತಳು. ಶೇವಂತಾ ತಾನು ಬರುತ್ತಿರುವುದಾಗಿ ಧ್ವನಿ ಕಳಿಸಿದಳು. ತೆರೆಯ ಮೇಲೆ 'ಮುಟ್ಟಿದೆ' ಎಂಬ ಹಸಿರು ಗುರುತು ಮೂಡಿತು. ಅವಳ ಮುಖ ಅರಳಿದ್ದನ್ನು ಕಂಡು ಕುಬರಾ ಕಿಟಕಿಯತ್ತ ತಿರುಗಿದಳು. ಕಾಶೀರಾಮನ ಮೊಬೈಲಿನಲ್ಲೂ ನಿಹಾರಿಕಾದ ತಂತ್ರಾಂಶವೇ; ಅದೂ ಬಡಿದಿರಲಾರದು.

ನಿಲ್ದಾಣ ತಲುಪಿದಾಗ ಮೂರು ಗಂಟೆ ಐದು ನಿಮಿಷ. ಪ್ಲಾಟ್‌ಫಾರ್ಮಿನ ತುಂಬ ಗಂಟುಮೂಟೆ ಹೊತ್ತು ಗುಳೆ ಹೊರಟವರು. ರೈಲು ಬಂತು. ಎಲ್ಲರೂ ಒಮ್ಮೆಲೇ ಬಾಗಿಲುಗಳಿಗೆ ನುಗ್ಗಿದರು. ಶೇವಂತಾ ಎಂಜಿನಿನ ಕಡೆಗೆ ಓಡಿದಳು, ಕುಬರಾ ಅವಳ ಹಿಂದೆ. ತಲೆಗಳ ಮೇಲಿನ ಮೂಟೆಗಳು ಕಿಟಕಿಗಳನ್ನೆಲ್ಲ ಮುಚ್ಚಿದ್ದವು. ಶೇವಂತಾ ಗಂಡನ ಹೆಸರು ಹಿಡಿದು ಕೂಗಿದಳು. ಮದುವೆಯಾದಾಗಿನಿಂದ ಆ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ಎರಡು ನಿಮಿಷಕ್ಕೆ ರೈಲು ಸೀಟಿ ಊದಿತು.

ರೈಲು ಹೋದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಇಬ್ಬರೇ ಉಳಿದರು. ಶೇವಂತಾ ಮುಷ್ಟಿ ಬಿಚ್ಚಿ ಮೊಬೈಲು ನೋಡಿದಳು. ಯಾರೂ ಹೇಳದೆಯೇ 'ಓಗೊಡು' ತೆರೆದಳು. ಇಪ್ಪತ್ತೆಂಟನೆಯದು ಬಂದಿತ್ತು, ರೈಲು ನಿಂತಿದ್ದಾಗಲೇ.

"ಕೊನೀ ಡಬ್ಬಿ ಬಾಗಲಾಗ ನಿಂತೀನಿ. ಎಲ್ಲಿದ್ದಿ?"

ಕೊನೆಯ ಡಬ್ಬಿಯ ದಿಕ್ಕಿಗೆ ಅವರು ಹೋಗಿಯೇ ಇರಲಿಲ್ಲ.

ಮುಂದಿನ ನಿಲ್ದಾಣ ಬೀದರ, ಮುಕ್ಕಾಲು ಗಂಟೆಯ ದಾರಿ. ಶೇವಂತಾ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದಳು. "ನಾ ಬಂದಿದ್ದೆರಿ. ಬೀದರದಾಗ ಇಳೀರಿ. ಅಲ್ಲೇ ಕುಂದರ್ರಿ, ಬರ್ತೇನಿ." ಹಸಿರು ಗುರುತು ಮೂಡಿತು.

ಕುಬರಾ ಬೆಂಚಿನ ಮೇಲೆ ನಮೂನೆ ಬಿಡಿಸಿ, ಏನು ಬರೆಯಲಿ ಎಂದು ಅವಳನ್ನೇ ಕೇಳಿದಳು.

"ಫೋನಿಗಿ ಮುಟ್ಟ್ಯಾದರಿ. ನನಗ ಮುಟ್ಟಿಲ್ಲ."

ಎರಡು ಚೌಕಗಳನ್ನೂ ಖಾಲಿ ಬಿಟ್ಟು ಕುಬರಾ ಆ ಮಾತನ್ನೇ ಅಡ್ಡಕ್ಕೆ ಬರೆದಳು. ಚೀಲದಲ್ಲಿದ್ದ ಹಳೆಯ ನಮೂನೆಗಳನ್ನು ಹೊರತೆಗೆದು, ಮೊದಲನೆಯದರ 'ಹೌದು' ಹೊಡೆದುಹಾಕಿದಳು. ಆ ಎಲ್ಲ ಮನೆಗಳಿಗೆ ಮತ್ತೆ ಹೋಗಬೇಕಿತ್ತು.

"ಅವರ ಫೋನು ಬಡದಿರಬೇಕಲ್ರಿ, ಆಪಾ?"

ಕುಬರಾ ನಮೂನೆಗಳನ್ನು ಮತ್ತೆ ಚೀಲಕ್ಕೆ ತುಂಬಿದಳು. ಬೀದರದ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿಬರುತ್ತೇನೆಂದು ಎದ್ದಳು. ತಿರುಗಿ ನೋಡಿದಾಗ ಶೇವಂತಾ ತೆರೆ ಆರುವ ಮುನ್ನವೇ ಅದನ್ನು ಬೆರಳಿಂದ ಮುಟ್ಟುತ್ತಿದ್ದಳು. ಆರಲು ಬಿಡದೆ ಮತ್ತೆ ಮುಟ್ಟುತ್ತಿದ್ದಳು.