ಬಾಗಿನದ ಬಾಟಲಿ

ಎಡಗಡೆ ಕುಕ್ಕೆ ಇತ್ತಲ್ಲ, ಈಗ ತಾನೇ ಇಟ್ಟದ್ದು, ಕತ್ತು ಪೂರಾ ತಿರುಗಿಸಿದ ಮೇಲೆ ಕುಕ್ಕೆ ಕಣ್ಣಿಗೆ ಬಂತು, ಅದರೊಳಗಿನ ಕೊಬ್ಬರಿ ಬಂತು — ಇನ್ನು ಮೇಲೆ ಎಲ್ಲವೂ ಹೀಗೆ ಒಂದೊಂದಾಗಿ ಬರಬೇಕು, ಚಿಕ್ಕಗೌರಮ್ಮ ಇನ್ನೊಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು, ಒಳಗೆ ಒಣಗಿದ ಕೊಬ್ಬರಿ ಉಂಡೆ ಲೊಟಲೊಟ ಎಂದಿತು, ಕಿವಿ ನೆಟ್ಟಗಿದೆ, ಕಿವಿಗೆ ಯಾರೂ ಔಷಧಿ ಕೊಡಲಿಲ್ಲವಲ್ಲ, ಅಟ್ಟದಿಂದ ಇಳಿಸಿದ ಕಾಯಿ ಸುಲಿದರೆ ಏಳುವ ಈ ಧೂಳಿಗೇ ಮೂರು ವರ್ಷದ ಹಿಂದೆ ಕಣ್ಣು ಕೆಂಡವಾಗಿ ಸೆರಗಿನಲ್ಲಿ ಉಜ್ಜಿಕೊಳ್ಳುತ್ತಿದ್ದಾಗ ತಮ್ಮ ಪರಮೇಶ್ ಚಿಕ್ಕನಾಯಕನಹಳ್ಳಿಯ ತನ್ನ ಮೆಡಿಕಲ್ ಸ್ಟೋರಿನಿಂದ ನೀಲಿ ಮುಚ್ಚಳದ ಬಾಟಲಿ ತಂದಿದ್ದ, ಉರಿ ಬಂದಾಗೆಲ್ಲ ಎರಡು ಹನಿ ಬುಟ್ಕೊ ಅಕ್ಕ, ಡಾಕ್ಟ್ರು ಯಾಕೆ, ನಾನಿಲ್ವಾ — ಬಿಟ್ಟುಕೊಂಡಳು, ಹಾಯೆನಿಸಿತು, ಖಾಲಿಯಾದಂತೆಲ್ಲ ಇನ್ನೊಂದು ಬಂತು, ಗೌರಿ ಹಬ್ಬದ ಬಾಗಿನದಲ್ಲೂ ಬಂತು, ಮೊರದಲ್ಲಿ ಬಳೆ ಅರಿಶಿನ ಕುಂಕುಮದ ಪಕ್ಕ ನಾಲ್ಕು ನೀಲಿ ಮುಚ್ಚಳ, ಓರಗಿತ್ತಿಯರಿಗೆ ಎತ್ತಿ ತೋರಿಸಿ ಬೀಗಿದ್ದಳು, ನೋಡ್ರೇ, ತಮ್ಮ ಅಂದ್ರೆ ಹಿಂಗಿರ್ಬೇಕು.

ನಿನ್ನೆ ತುಮಕೂರಿನ ಡಾಕ್ಟರಮ್ಮ ಅದೇ ಬಾಟಲಿ ತಿರುಗಿಸಿ ಓದಿ ಮೇಜಿನ ಮೇಲಿಟ್ಟರು, ಇದು ಸ್ಟೀರಾಯ್ಡ್ ಕಣಮ್ಮ, ನಾವು ಕೊಟ್ರೂ ಒಂದೆರಡು ವಾರ, ನೀವು ಮೂರು ವರ್ಷ ಹಾಕಿದೀರ, ಒಳಗೆ ಒತ್ತಡ ಏರಿ ನರ ಸತ್ತಿದೆ, ಗ್ಲಾಕೋಮ, ಪಕ್ಕದ ನೋಟ ಹೋಗಿದೆ, ಹೋದ ದೃಷ್ಟಿ ಬರಲ್ಲ, ಉಳಿದಿದ್ದನ್ನ ಉಳಿಸ್ಕೊಬೇಕು — ಆಗಲೂ ಅವಳ ಬಾಯಿ ತಮ್ಮನ ಕಡೆಗೇ, ಅವನಿಗೆ ತಿಳೀದು ಡಾಕ್ಟ್ರೇ, ಪಾಪ. ತಿಳಿಯದೇ? ಹೋದ ಯುಗಾದಿಗೆ ಅವನ ಮಗಳು ಧನ್ಯಶ್ರೀ ಇಲ್ಲೇ ಆಡುತ್ತಾ ಕಣ್ಣಿಗೆ ಧೂಳು ಬಿದ್ದು ಅತ್ತಳು, ಮಡಿಲಲ್ಲಿ ಮಲಗಿಸಿಕೊಂಡು, ರೆಪ್ಪೆ ಬಿಡಿಸಿ, ಹನಿ ಇನ್ನೇನು ಬೀಳಬೇಕು, ಪರಮೇಶ್ ಓಡಿ ಬಂದು ಬಾಟಲಿ ಕಿತ್ತುಕೊಂಡ, ಮಗೀಗೆ ಅದ್ ಬ್ಯಾಡ ಕಣಕ್ಕ, ಕಣ್ಗೆ ಏನಾರ ಆದಾತು — ಎಷ್ಟು ಜೋಪಾನ ಎಂದು ಮೆಚ್ಚಿಕೊಂಡಿದ್ದಳು ಅವತ್ತು, ಚಿಕ್ಕವನಿದ್ದಾಗ ಅವನನ್ನೂ ಇದೇ ಮಡಿಲಲ್ಲಿ ಮಲಗಿಸಿದವಳು, ಮೋಸ, ಹೊರಗಿನವರು ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಬಾಗಿಲಲ್ಲಿ ಬೈಕ್ ನಿಂತಿತು, ಅಕ್ಕಾ, ಆಸ್ಪತ್ರೇಲಿ ಏನಂದ್ರು, ಹೆಜ್ಜೆ ಎಡಗಡೆಗೆ ಬಂದು ನಿಂತಿತು, ಕತ್ತು ತಿರುಗಿಸಿದರೆ ತಾನೇ ಅವನು ಬರುವುದು, ತಿರುಗಿಸಲಿಲ್ಲ, ಅಲ್ಲಿ ಈಗ ಏನೂ ಇಲ್ಲ, ಎದುರಿಗೆ ಮಾತ್ರ ಆ ಯುಗಾದಿಯ ಕೈ, ಮಗಳ ಕಣ್ಣಿಂದ ಕಿತ್ತುಕೊಂಡ ಬಾಟಲಿಗೆ ನೀಲಿ ಮುಚ್ಚಳ ಹಾಕಿ, ಬಿಗಿಯಾಗಿ ತಿರುಗಿಸಿ, ತಿರುಗಿಸಿ, ಮತ್ತೆ ಅವಳ ಅಂಗೈಗೇ ಇಟ್ಟ ಕೈ.